ಕೊಕ್ಕರೆಯೂರಿನ ಕ್ವಾಲಿಸ್‌ಗೆ ಹೊಸ ಸೈಲೆನ್ಸರ್

ಫೆಬ್ರವರಿಯಲ್ಲಿ ಕೊಕ್ಕರೆ ಬೆಳ್ಳೂರಿನ ಬೀದಿಯಲ್ಲಿ ತಲೆಯೆತ್ತದೆ ನಡೆಯಲು ಮನಸ್ಸಾಗುವುದಿಲ್ಲ. ಎತ್ತಿ, ಬಾಯಿ ತೆರೆದು ನಡೆಯುವುದು ಜಾಣತನವಲ್ಲ. ಹುಣಸೆ, ಅರಳಿ ಮರಗಳ ನೆತ್ತಿಯಲ್ಲಿ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳು ಗೂಡು ಕಟ್ಟಿ ಕೂತಿವೆ. ಹೆಂಚು, ಹಟ್ಟಿ, ಹುಲ್ಲುಮೆದೆ, ನಿಲ್ಲಿಸಿದ ಗಾಡಿಯ ಗಾಜು ಎಲ್ಲದರ ಮೇಲೂ ಬಿಳಿ ಹಿಕ್ಕೆ. ಗಾಳಿಯಲ್ಲಿ ಹಸಿ ಮೀನಿನ ನಾತ. ಕಿವಿಗೆ ಬೀಳುವುದೆಲ್ಲ ಮರಿಗಳ ಗಲಾಟೆ. ಬೆಳೆದ ಕೊಕ್ಕರೆಗೆ ಹೆಚ್ಚುಕಡಿಮೆ ದನಿಯೇ ಇಲ್ಲ. ಗೂಡಿನ ಮೇಲೆ ನಿಂತು ಕೊಕ್ಕನ್ನು ಟಕಟಕ ಬಡಿಯುತ್ತದೆ, ಅಷ್ಟೆ. ಹೆಜ್ಜಾರ್ಲೆಯಂತೂ ಇನ್ನೂ ಸುಮ್ಮನೆ.

ಈ ಬೀದಿಗೆ ಬೆಳಗ್ಗೆ ಏಳಕ್ಕೆ ಒಂದು ಕ್ವಾಲಿಸ್ ಬರುತ್ತದೆ. ಬರುವುದು ಕಾಣುವ ಮುಂಚೆಯೇ ಕೇಳುತ್ತದೆ. ಹೊಟ್ಟೆಯಡಿ ತೂತುಬಿದ್ದ ಸೈಲೆನ್ಸರಿನ ಆ ಡಬಡಬ ಸದ್ದಿಗೆ ಜಗಲಿಯ ಮೇಲಿನ ನಾಯಿ ಏಳುತ್ತದೆ, ಬೆಂಗಳೂರಿಂದ ಬಂದು ಮುಕ್ಕಾಲಿಯ ಮೇಲೆ ಕ್ಯಾಮೆರಾ ಹೂಡಿದವರು ಹಿಂದಿರುಗಿ ಕೆಕ್ಕರಿಸುತ್ತಾರೆ. ಹಕ್ಕಿಗಳು? ಅವು ಕದಲುವುದಿಲ್ಲ. ಇಂಜಿನ್ ಸದ್ದಿಗೇ ಈ ಹಕ್ಕಿಗಳು ಊರು ಬಿಟ್ಟಾವೆಂಬುದು ಪೇಟೆಯವರ ಭಯ. ಕಬ್ಬು ಹೇರಿದ ಟ್ರಾಕ್ಟರುಗಳು ಕೊಪ್ಪದ ಕಾರ್ಖಾನೆಗೆ ಹೋಗುವ ಸೀಮೆ ಇದು; ಸದ್ದು ಹಕ್ಕಿಗೆ ಹೊಸದಲ್ಲ, ಜನರ ಒಡನಾಟವೂ ಹೊಸದಲ್ಲ. ಪಕ್ಷಿತಜ್ಞ ಜೆರ್ಡನ್ 1864ರಲ್ಲೇ ಈ ಸೀಮೆಯ ಹಕ್ಕಿಗಳನ್ನು ದಾಖಲಿಸಿದ. ಪ್ಲೇಗಿಗೆ ಹೆದರಿ ಜನ ಶಿಂಷಾ ದಡದ ಹಳೆಯ ಊರು ಬಿಟ್ಟು ಇಲ್ಲಿಗೆ ಬಂದಾಗ ಹಕ್ಕಿಗಳೂ ಹಿಂದೆಯೇ ಬಂದವೆಂದು ಹಿರಿಯರು ಹೇಳುತ್ತಾರೆ. 1976ರಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ ಹೊರಜಗತ್ತಿಗೆ ತೋರಿಸಿಕೊಟ್ಟ ಮೇಲೆ ನೋಡುಗರು ಬಂದರು; ಮೈಸೂರಿನ ನಿಸರ್ಗಪ್ರಿಯ ಮನು ಅವರ ಒತ್ತಾಸೆಯಿಂದ ಹುಟ್ಟಿದ ಹೆಜ್ಜಾರ್ಲೆ ಬಳಗದ ಹುಡುಗರು ಗೂಡಿನಿಂದ ಬಿದ್ದ ಮರಿಗಳಿಗೆ ಮೀನು ತಿನ್ನಿಸಿ ಬೆಳೆಸಿದರು. ಹಕ್ಕಿಗೆ ಬೇಕಾದದ್ದು ಕಡಿಯದೆ ಉಳಿದ ಮರ, ಮೀನಿರುವ ಕೆರೆ. ಸೈಲೆನ್ಸರಿನ ತಕರಾರು ಹಕ್ಕಿಯದಲ್ಲ, ಗಿರಾಕಿಯದು. ಕ್ವಾಲಿಸ್ ಯಜಮಾನನಿಗೆ ಹಕ್ಕಿ ನೋಡಲು ಬರುವವರೇ ಬಾಡಿಗೆ. ಹಾಗಾಗಿ ಗಾಡಿ ಮದ್ದೂರಿಗೆ ಹೊರಟಿತು, ಪಕ್ಕದ ಸೀಟಿನಲ್ಲಿ ಅವನ ಅಕ್ಕನ ಮಗ.

ರುದ್ರಾಕ್ಷಿಪುರದಲ್ಲಿ ಹೆದ್ದಾರಿ ಸೇರಿ ಮದ್ದೂರಿನ ಪೇಟೆಯೊಳಕ್ಕೆ. 2023ರ ಮಾರ್ಚಿನಲ್ಲಿ ಗೆಜ್ಜಲಗೆರೆಯಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದ ಮೇಲೆ ಕಾರುಗಳು ಊರಿನಾಚೆಯೇ ಹಾರಿಹೋಗುತ್ತವೆ. ವಡೆ ಅಂಗಡಿಗಳಿಗೆ ಅದರ ಪೆಟ್ಟು ಬಿತ್ತು. ಗ್ಯಾರೇಜುಗಳಿಗೆ ಅಷ್ಟಾಗಿ ಬೀಳಲಿಲ್ಲ. ಹಳೇ ಗಾಡಿಗಳು ಇನ್ನೂ ಹಳೇ ರಸ್ತೆಯಲ್ಲೇ ಕೆಡುತ್ತವೆ.

ಗುಂಡಿಯ ಮೇಲೆ ಗಾಡಿ ನಿಲ್ಲಿಸಿ ಮೇಸ್ತ್ರಿ ಕೆಳಗಿಳಿದ. ಟಾರ್ಚಿನ ಬೆಳಕಿಗೆ ಹಳೆಯ ಚಿಕಿತ್ಸೆಗಳೆಲ್ಲ ಒಂದೊಂದಾಗಿ ಕಂಡವು: ಎಂ-ಸೀಲ್ ಮೆತ್ತಿದ್ದು, ಎಣ್ಣೆ ಡಬ್ಬದ ತಗಡು ಸುತ್ತಿದ್ದು, ಬೈಂಡಿಂಗ್ ತಂತಿ ಬಿಗಿದದ್ದು. ಸ್ಕ್ರೂಡ್ರೈವರ್ ಒತ್ತಿದರೆ ಕಬ್ಬಿಣ ಹಪ್ಪಳದಂತೆ ಮುರಿಯಿತು. ತುಕ್ಕು ಹಿಡಿದದ್ದು ಹೊರಗಿನ ಮಳೆಗಲ್ಲ, ಒಳಗಿನ ನೀರಿಗೆ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು ಒಂದು ಲೀಟರ್ ನೀರು ಹಬೆಯಾಗಿ ಹೊರಡುತ್ತದೆ. ದೂರ ಓಡಿದ ಗಾಡಿಯ ಕೊಳವೆ ಕಾದು ಒಣಗುತ್ತದೆ. ಬಸ್ ಸ್ಟ್ಯಾಂಡಿನಿಂದ ಮರದಡಿಗೆ, ಮರದಡಿಯಿಂದ ಹೊಳೆಯಂಚಿಗೆ ಓಡಾಡುವ ಗಾಡಿಯ ಸೈಲೆನ್ಸರಿನಲ್ಲಿ ಆ ನೀರು ತಂಗುತ್ತದೆ. ಹಳೆಯ ಡೀಸೆಲ್ಲಿನ ಗಂಧಕ ಅದಕ್ಕೆ ಬೆರೆತರೆ ಆಮ್ಲ.

"ಮಾವ, ಸೈಲೆನ್ಸರೇ ಬ್ಯಾಡ. ನೇರ ಪೈಪ್ ಹೊಡ್ಸುಬುಡು, ಪಿಕಪ್ ಸಕತ್ತಾಗಿ ಬತ್ತದೆ" ಅಂದ ಹುಡುಗ.

ಗುಂಡಿಯೊಳಗಿಂದಲೇ ಉತ್ತರ: "ಎಪ್ಪತ್ತೈದು ಕುದ್ರೆ ಗಾಡಿ ಕಣಪ್ಪ ಇದು. ಪೈಪ್ ಕಿತ್ತಾಕಿದ್ರೆ ಎಪ್ಪತ್ತಾರು ಆಗಕಿಲ್ಲ. ಸೌಂಡ್ ಮಾತ್ರ ಆಯ್ತದೆ."

ಮೇಸ್ತ್ರಿಯ ಲೆಕ್ಕ ಸರಿ. ಇದೇ ಮೈಸೂರು ರಸ್ತೆಯ ಬಿಡದಿಯಲ್ಲಿ ಟೊಯೊಟಾ ಕಿರ್ಲೋಸ್ಕರ್ ತಯಾರಿಸಿದ ಗಾಡಿ ಇದು. 2000ದಲ್ಲಿ ಮಾರುಕಟ್ಟೆಗೆ ಬಂದು, 2005ರಲ್ಲಿ ಇನ್ನೋವಾಕ್ಕೆ ಜಾಗ ಬಿಟ್ಟಿತು. 2.4 ಲೀಟರ್ ಡೀಸೆಲ್ ಇಂಜಿನ್, ಟರ್ಬೊ ಇಲ್ಲ. ಟರ್ಬೊ ಇದ್ದರೆ ಹೊಗೆಯ ದಾರಿ ಸಡಿಲಿಸಿದಷ್ಟೂ ಲಾಭ. ಮೇಲಾಗಿ ಅದರ ಚಕ್ರವೇ ಸದ್ದಿನ ಬಡಿತವನ್ನು ಒಂದಿಷ್ಟು ನುಂಗುತ್ತದೆ. ಇದಕ್ಕೆ ಎರಡೂ ಇಲ್ಲ. ಸದ್ದು ತಗ್ಗಿಸಬೇಕಾದರೆ ಸೈಲೆನ್ಸರಿನ ಒಳಗೋಡೆ, ತೂತುಕೊಳವೆಗಳೇ ಗತಿ. ಅದೂ ಅಲ್ಲದೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಸೈಲೆನ್ಸರ್ ಇಲ್ಲದೆ ಗಾಡಿ ರಸ್ತೆಗಿಳಿಯುವಂತಿಲ್ಲ. ಬುಲೆಟ್ಟುಗಳ ಕರ್ಕಶ ಸೈಲೆನ್ಸರುಗಳನ್ನು ಕಿತ್ತು ಸಾಲಾಗಿ ಮಲಗಿಸಿ ಪೊಲೀಸರು ರೋಡ್ ರೋಲರ್ ಹತ್ತಿಸುವ ದೃಶ್ಯ ಹುಡುಗನೂ ಮೊಬೈಲಿನಲ್ಲಿ ನೋಡಿದವನೇ. ಸುಮ್ಮನಾದ.

ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿದರು. ಗಾಡಿಯ ಮೈಗೆ ವೆಲ್ಡಿಂಗ್ ಕರೆಂಟ್ ಹರಿಯುವಾಗ ಅದನ್ನು ಬಿಚ್ಚಿರಬೇಕು. ಹಳೇ ಬೋಲ್ಟುಗಳು ತಿರುಗುವ ಜಾತಿಯವಲ್ಲ. ಸೀಮೆಎಣ್ಣೆ ಹನಿಸಿ, ಕಾಯಿಸಿ, ಬಡಿದು, ಕಡೆಗೆ ಗ್ರೈಂಡರಿಗೆ ಕೊಟ್ಟರು. ಕಿಡಿಗಳು ಗುಂಡಿಯ ಗೋಡೆಗೆ ಚಿಮ್ಮಿ ಆರಿದವು. ಇಂಜಿನ್ನಿಗೆ ಅಂಟಿದ ಮೊದಲ ಜೋಡಣೆಯ ಗ್ಯಾಸ್ಕೆಟ್ ಕರಗಿ ಕಪ್ಪಾಗಿತ್ತು. ಒಳಗೆ ಕೂತವರಿಗೆ ತಲೆನೋವು ಬರುತ್ತಿದ್ದದ್ದು ಅಲ್ಲಿಂದ ಸೋರಿದ ಹೊಗೆಗೇ ಇರಬೇಕು. ಬಣ್ಣ ವಾಸನೆ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಆ ಹೊಗೆಯಲ್ಲಿರುತ್ತದೆ. ಸದ್ದಿಗಿಂತ ಮೊದಲು ನೋಡಬೇಕಾದ್ದು ಇದು, ಜನ ನೋಡುವುದು ಕಡೆಗೆ.

ಹೊಸ ಕೊಳವೆ ಸ್ಟೇನ್‌ಲೆಸ್ ಸ್ಟೀಲಿನದು, ಹಳೆಯದರಷ್ಟೇ ದಪ್ಪ. ಬೆಂಡಿಂಗ್ ಯಂತ್ರದಲ್ಲಿ ಹಿಂದಿನ ಆಕ್ಸಲ್ ಬಳಸಿ ಹೋಗುವಂತೆ ಬಾಗಿಸಿ, ಆರ್ಗಾನ್ ವೆಲ್ಡಿಂಗಿನಲ್ಲಿ ಬೆಸೆದರು. ಬೆಸುಗೆಯ ಅಂಚಿಗೆ ನೀಲಿ, ನೇರಳೆ, ಹೊನ್ನಿನ ಬಣ್ಣ ಹರಡಿತು. ಒಂದರ ಬದಲು ಎರಡು ಡಬ್ಬ: ಮಧ್ಯದಲ್ಲಿ ಚಿಕ್ಕದು, ಹಿಂದೆ ದೊಡ್ಡದು. ನೀರು ಸೋರಿಹೋಗಲು ದೊಡ್ಡದರ ತಳದಲ್ಲಿ ಸಾಸಿವೆ ಗಾತ್ರದ ತೂತು. ಇಂಜಿನ್ ನಡುಗಿದರೆ ಕೊಳವೆ ಬಿರುಕು ಬಿಡದಂತೆ ನಡುವೆ ಬೆಲ್ಲೋಸ್, ತೂಗುಹಾಕಲು ಹೊಸ ರಬ್ಬರು. ಬಾಲ ಬಂಪರಿನಾಚೆ ಚಾಚಿಕೊಂಡಿತು, ಹೊಗೆ ಡಿಕ್ಕಿಯ ಬಾಗಿಲಿನೊಳಗೆ ನುಗ್ಗದಿರಲೆಂದು.

ಸ್ಟಾರ್ಟ್ ಮಾಡಿದಾಗ ಬರೀ ಇಂಜಿನ್ನಿನ ಕಟಕಟ. ಮೇಸ್ತ್ರಿ ಬಾಲದ ಬಾಯಿಗೆ ಒದ್ದೆ ಬಟ್ಟೆ ಒತ್ತಿ ಜೋಡಣೆಗಳ ಬಳಿ ಕಿವಿಗೊಟ್ಟ. ಎಲ್ಲೂ ಸುಯ್ ಅನ್ನಲಿಲ್ಲ. ಆಕ್ಸಲರೇಟರ್ ಪೂರ್ತಿ ತುಳಿಸಿದ. ಕರಿ ಹೊಗೆ ಹಾಗೆಯೇ ಇತ್ತು. ಅದು ಸೈಲೆನ್ಸರಿನ ತಪ್ಪಲ್ಲ, ಇಂಜೆಕ್ಟರ್ ನಳಿಕೆಯದು. ಎಮಿಷನ್ ಟೆಸ್ಟಿಗೆ ಮುಂಚೆ ಅದನ್ನೂ ಮಾಡಿಸಲೇಬೇಕು. ಹೊಗೆಯ ದಟ್ಟಣೆ 65 ಹಾರ್ಟ್‌ರಿಡ್ಜ್ ದಾಟಿದರೆ ಸರ್ಟಿಫಿಕೇಟ್ ಇಲ್ಲ.

ನೋಡಿಬರಲೆಂದು ಹಳೇ ರಸ್ತೆಯಲ್ಲಿ ಒಂದು ಸುತ್ತು ಹೊರಟರು. ಶಿಂಷಾ ಸೇತುವೆ ದಾಟುವಷ್ಟರಲ್ಲಿ ಯಜಮಾನನ ಹುಬ್ಬು ಗಂಟಾಯಿತು. ಹಿಂದಿನ ಪಟ್ಟಿ ಸ್ಪ್ರಿಂಗು ಕಿರ್ ಅನ್ನುತ್ತಿದೆ. ಸೀಟಿನಡಿ ಜಾಕ್ ಉರುಳುತ್ತಿದೆ. ಎಡಬಾಗಿಲ ಗಾಜು ಗಲಗಲ.

"ಏನಣ್ಣ ಇದು, ಇಷ್ಟೆಲ್ಲ ಸದ್ದು ಮಾಡ್ತಾ ಅದೆ?"

"ಮೊದ್ಲೂ ಮಾಡ್ತಿತ್ತು. ಸೈಲೆನ್ಸರ್ ಕೇಳುಸ್ಕೊಳಕೆ ಬುಡ್ತಿರ್ನಿಲ್ಲ."

ಯಜಮಾನ ಗೇರ್ ಇಳಿಸಿ ಗಾಡಿ ತಿರುಗಿಸಿದ. "ಪಟ್ಟಿ ಬುಶ್ಶಿಗೆ ಎಷ್ಟಾಯ್ತದೆ, ಅದ್ನೂ ಹೇಳ್ಬುಡು."