ಓಟದ ಕುದುರೆಗೆ ಶ್ರೀನಗರದ ಲಾಯ

2025ರ ಜುಲೈ ತಿಂಗಳ ಮೊದಲ ವಾರದಲ್ಲಿ ಬೆಂಗಳೂರು ದಕ್ಷಿಣ ಪ್ರಾದೇಶಿಕ ಸಾರಿಗೆ ಕಚೇರಿಯ ಅಧಿಕಾರಿಗಳು ಕೆಂಪು ಬಣ್ಣದ ಫೆರಾರಿ ಕಾರೊಂದನ್ನು ತಡೆದು ನಿಲ್ಲಿಸಿದರು. ಎಂಟು ಸಿಲಿಂಡರುಗಳ ಯಂತ್ರಕ್ಕೆ ಮೂರು ವಿದ್ಯುತ್ ಮೋಟಾರುಗಳನ್ನು ಜೊತೆಗೂಡಿಸಿ ಸಾವಿರ ಅಶ್ವಶಕ್ತಿಯನ್ನು ಹೊರಡಿಸುವ ಕಾರು ಅದು. ಅದರ ನೋಂದಣಿ ಮಹಾರಾಷ್ಟ್ರದಲ್ಲಾಗಿತ್ತು, ಓಡಾಟವೆಲ್ಲ ಬೆಂಗಳೂರಿನಲ್ಲಿ. ಕರ್ನಾಟಕಕ್ಕೆ ಸಲ್ಲಬೇಕಾದ ತೆರಿಗೆ ಸಂದಿರಲಿಲ್ಲ. ಅದೇ ದಿನ ಮಾಲೀಕರು ತೆತ್ತ ಮೊತ್ತ 1 ಕೋಟಿ 41 ಲಕ್ಷ ರೂಪಾಯಿಗೂ ಮಿಕ್ಕಿದ್ದು. ಜಯನಗರದ ಆ ಕಚೇರಿಗೆ ಕೂಗಳತೆಯಲ್ಲೇ ಎನ್ನಬಹುದಾದ ಶ್ರೀನಗರದ ಮನೆಗಳಲ್ಲಿ ಅಂದು ಸಂಜೆಯ ಕಾಫಿಯ ಜೊತೆಗೆ ಇದೇ ಮಾತು ನಡೆದಿದ್ದರೆ ಆಶ್ಚರ್ಯವಿಲ್ಲ. ತೆರಿಗೆಯೇ ಅಷ್ಟಾದರೆ ಕಾರಿನ ಬೆಲೆ ಎಷ್ಟಿರಬೇಡ!

ಫೆರಾರಿಯ ಮಾತು ಹಾಗಿರಲಿ. ಅದು ಚಿತ್ರದಲ್ಲಿ ನೋಡಿ ಸಂತೋಷಪಡುವ ವಸ್ತು. ಆದರೆ ವೇಗದ ಮೋಹವೆಂಬುದು ಕೋಟ್ಯಧೀಶರಿಗೆ ಮಾತ್ರ ಮೀಸಲಾದುದಲ್ಲ. ಹನುಮಂತನಗರ, ಗವೀಪುರ, ಬನಶಂಕರಿಗಳ ನಡುವೆ ಒತ್ತೊತ್ತಾಗಿ ಬೆಳೆದು ನಿಂತ ಶ್ರೀನಗರದಂತಹ ಬಡಾವಣೆಯಲ್ಲಿಯೂ, ನೌಕರಿಗೆ ಸೇರಿ ಏಳೆಂಟು ವರ್ಷವಾದ ಮಗನೊಬ್ಬನು ಒಂದು ಭಾನುವಾರ ಬೆಳಗ್ಗೆ ತಂದೆಯ ಮುಂದೆ ನಿಂತು, “ಹೊಸ ಸಣ್ಣ ಕಾರಿನ ಬೆಲೆಗೆ ಹಳೆಯದೊಂದು ಓಟದ ಕಾರು ಸಿಗುತ್ತದೆ” ಎಂದು ಪೀಠಿಕೆ ಹಾಕುವುದುಂಟು. ತಂದೆ ವೃತ್ತಪತ್ರಿಕೆಯನ್ನು ಕೆಳಗಿಡುತ್ತಾರೆ. ತಾಯಿ ಅಡಿಗೆಮನೆಯ ಬಾಗಿಲಿಗೆ ಬರುತ್ತಾರೆ. ಮನೆಯ ಉಳಿತಾಯದ ಒಂದು ದೊಡ್ಡ ಪಾಲು ಪಣಕ್ಕೆ ಬಿದ್ದಿರುತ್ತದೆ.

ಮಗನು ಹೇಳುವ ಲೆಕ್ಕದಲ್ಲಿ ಸುಳ್ಳಿಲ್ಲ. ಒಂದು ಕಾಲದಲ್ಲಿ ಈ ದೇಶದಲ್ಲಿ ಹಳೆಯ ಕಾರು ಹೊಸದಕ್ಕಿಂತ ತುಟ್ಟಿಯಾಗಿತ್ತು. ಮುಂಬಯಿಯಲ್ಲಿ ತಯಾರಾಗುತ್ತಿದ್ದ ಫಿಯಟ್ ಕಾರಿಗೆ ಹೆಸರು ಬರೆಯಿಸಿದವರು ವರ್ಷಗಟ್ಟಲೆ ಕಾಯಬೇಕಾಗಿದ್ದುದರಿಂದ, ಕೈಯಲ್ಲಿ ಕಾರಿದ್ದವನು ಕೇಳಿದ್ದೇ ಬೆಲೆ. ಇಂದು ಗಾಳಿ ತಿರುಗಿದೆ. ಕಾರು ಅಂಗಡಿಯಿಂದ ಹೊರಬಿದ್ದ ಕ್ಷಣದಿಂದಲೇ ಅದರ ಬೆಲೆ ಇಳಿಯತೊಡಗುತ್ತದೆ. ವಿಮೆಯವರ ಪಟ್ಟಿಯೇ ಇದಕ್ಕೆ ಸಾಕ್ಷಿ: ಮೊದಲ ಆರು ತಿಂಗಳಿಗೆ ಶೇ. 5ರಷ್ಟು, ನಾಲ್ಕು ವರ್ಷ ದಾಟಿ ಐದು ತುಂಬುವುದರೊಳಗೆ ಅರ್ಧಕ್ಕರ್ಧ ಸವಕಳಿ. ವೇಗದ ಕಾರುಗಳಿಗೆ ಗಿರಾಕಿಗಳು ವಿರಳವಾದ್ದರಿಂದ ಸಂತೆಯಲ್ಲಿ ಅವುಗಳ ಇಳಿತ ಎಷ್ಟೋ ವೇಳೆ ಇನ್ನೂ ಕಡಿದಾಗಿರುತ್ತದೆ.

ಉದಾಹರಣೆಗೆ ಸ್ಕೋಡಾ ಆಕ್ಟೇವಿಯಾದ ‘ವಿಆರ್‌ಎಸ್’ ಮಾದರಿಯನ್ನು ತೆಗೆದುಕೊಳ್ಳಬಹುದು. ನೋಡಿದರೆ ಸಂಸಾರಸ್ಥರ ಕಾರು. ಐದು ಜನ ಕುಳಿತು, ಹಿಂದೆ ಮದುವೆಯ ಸಾಮಾನು ತುಂಬಿಕೊಂಡು ಧರ್ಮಸ್ಥಳಕ್ಕೆ ಹೋಗಿಬರಬಹುದು. ಒಳಗಿರುವುದು ಮಾತ್ರ ಓಟದ ಗುಂಡಿಗೆ. 2004ರಲ್ಲಿ ಭಾರತಕ್ಕೆ ಮೊದಲು ಬಂದಾಗ ಅದರ 1.8 ಲೀಟರಿನ ಟರ್ಬೊ ಯಂತ್ರ 150 ಅಶ್ವಶಕ್ತಿಯದ್ದು. 2020ರಲ್ಲಿ ಕೇವಲ 200 ಕಾರುಗಳನ್ನು ತರಿಸಿ ಮಾರಿದಾಗ ಶಕ್ತಿ 245ಕ್ಕೆ ಏರಿತ್ತು. ನಿಂತಲ್ಲಿಂದ ಗಂಟೆಗೆ 100 ಕಿಲೋಮೀಟರ್ ವೇಗ ಮುಟ್ಟಲು ಅದಕ್ಕೆ ಏಳು ಸೆಕೆಂಡು ಬೇಡ. ಅಂದಿನ ಅಂಗಡಿಯ ಬೆಲೆ ಸುಮಾರು 36 ಲಕ್ಷ. ಕರ್ನಾಟಕದಲ್ಲಿ 20 ಲಕ್ಷಕ್ಕೆ ಮೇಲ್ಪಟ್ಟ ಕಾರಿಗೆ ಜೀವಾವಧಿ ತೆರಿಗೆ ಶೇ. 18, ಎಂದರೆ ಮೊದಲ ಮಾಲೀಕನು ತೆರಿಗೆಯೊಂದಕ್ಕೇ ಆರೂವರೆ ಲಕ್ಷದಷ್ಟು ತೆತ್ತಿರುತ್ತಾನೆ. ಎರಡನೆಯವನು ಆ ತೆರಿಗೆಯ ನೆರಳಿನಲ್ಲಿ ನಿಶ್ಚಿಂತನಾಗಿ ಓಡಾಡುತ್ತಾನೆ. ಪರರ ಹಣದಲ್ಲಿ ಪಲ್ಲಕ್ಕಿ ಏರುವುದೆಂದರೆ ಇದೇ ಇರಬೇಕು.

ಇಲ್ಲಿಯೇ ಒಂದು ಬಲೆ ಇದೆ. ದೆಹಲಿಯ ಹಳೆಯ ಕಾರುಗಳು, ಅಲ್ಲಿನ ವಾಹನಗಳ ವಯೋಮಿತಿಯ ಆದೇಶಗಳ ಭಯದಿಂದಲೂ ತೆರಿಗೆಯ ವ್ಯತ್ಯಾಸದಿಂದಲೂ, ಬೆಂಗಳೂರಿನವಕ್ಕಿಂತ ಅಗ್ಗವಾಗಿ ಕಾಣುತ್ತವೆ. ಆದರೆ ಬೇರೆ ರಾಜ್ಯದ ಕಾರನ್ನು ಹನ್ನೆರಡು ತಿಂಗಳಿಗೆ ಮೀರಿ ಇಲ್ಲಿ ಇಟ್ಟುಕೊಂಡರೆ ಇಲ್ಲಿನ ನೋಂದಣಿ ಸಂಖ್ಯೆ ಪಡೆಯಬೇಕೆಂದು ಮೋಟಾರು ವಾಹನ ಕಾಯಿದೆಯ 47ನೆಯ ಕಲಮು ಹೇಳುತ್ತದೆ. ಅಲ್ಲಿಂದ ನಿರಾಕ್ಷೇಪಣಾ ಪತ್ರ, ಇಲ್ಲಿ ಕಾರಿನ ವಯಸ್ಸಿಗೆ ತಕ್ಕ ತೆರಿಗೆ, ಅಲ್ಲಿನ ತೆರಿಗೆಯ ಮರುಪಾವತಿಗೆ ಅಲೆದಾಟ: ಇವನ್ನೆಲ್ಲ ಕೂಡಿಸಿ ನೋಡಿದಾಗ ಅಗ್ಗದ ಕಾರು ಎಷ್ಟೋ ಸಲ ಸ್ಥಳೀಯ ಕಾರಿನ ಬೆಲೆಗೇ ಬಂದು ನಿಲ್ಲುತ್ತದೆ. ಕೆಎ-05 ಎಂಬ ಜಯನಗರದ ಸಂಖ್ಯಾಫಲಕವುಳ್ಳ ಹಳೆಯ ಕಾರಿಗೆ ಎರಡು ಲಕ್ಷ ಹೆಚ್ಚು ಕೇಳಿದರೆ ಮುಖ ಸಿಂಡರಿಸಬೇಕಾಗಿಲ್ಲ.

ಇನ್ನು ಪರೀಕ್ಷೆಯ ಮಾತು. ಹೊಳೆಯುವ ಬಣ್ಣವನ್ನು ನೋಡಿ ಮಾರುಹೋಗುವವರಿಂದಲೇ ದಲ್ಲಾಳಿಗಳ ಸಂಸಾರ ಸಾಗುತ್ತದೆ. ಓಡಿದ ದೂರವನ್ನು ಹಲಗೆಯ ಮೇಲಿನ ಅಂಕಿಯಿಂದ ಮಾತ್ರ ನಂಬಲಾಗದು. ದುರಸ್ತಿ ಶಾಲೆಯ ದಾಖಲೆಗಳಲ್ಲಿ ನಮೂದಾದ ದೂರ, ವಿಮೆಯ ಹಳೆಯ ಪತ್ರಗಳು, ಕಾರಿನ ಬೇರೆ ಬೇರೆ ನಿಯಂತ್ರಕ ಪೆಟ್ಟಿಗೆಗಳ ಒಳಗೆ ಅಡಗಿರುವ ಲೆಕ್ಕ, ಇವು ಮೂರೂ ತಾಳೆಯಾಗಬೇಕು. ಗಣಕಯಂತ್ರ ಜೋಡಿಸಿ ದೋಷಸೂಚಿಗಳನ್ನು ಓದಬಲ್ಲ ಮೆಕ್ಯಾನಿಕನಿಗೆ ಕೊಡುವ ಕೆಲವು ಸಾವಿರ ಇಡೀ ವ್ಯವಹಾರದಲ್ಲಿ ಅತ್ಯಂತ ಸಾರ್ಥಕವಾದ ವೆಚ್ಚ. 2004ರ ಕಾಲದ ಕಾರಿನಲ್ಲಿ ಕವಾಟಗಳನ್ನು ನಡೆಸುವ ಟೈಮಿಂಗ್ ಬೆಲ್ಟ್ ಯಾವಾಗ ಬದಲಾಯಿತೆಂಬುದು ಮೊದಲ ಪ್ರಶ್ನೆಯಾಗಬೇಕು. ಅದು ಓಡುವಾಗ ಹರಿದರೆ ಪಿಸ್ಟನ್ನುಗಳು ಕವಾಟಗಳಿಗೆ ಬಡಿದು ಯಂತ್ರ ಪುಡಿಯಾಗುತ್ತದೆ. ಈಚಿನವುಗಳಲ್ಲಿ ಎರಡು ಕ್ಲಚ್ಚುಗಳ ಸ್ವಯಂಚಾಲಿತ ಗೇರುಪೆಟ್ಟಿಗೆ ಇರುತ್ತದೆ. ಎಣ್ಣೆಯಲ್ಲಿ ಮುಳುಗಿದ ಕ್ಲಚ್ಚಿನ ಮಾದರಿಗೆ ಸುಮಾರು 60 ಸಾವಿರ ಕಿಲೋಮೀಟರಿಗೊಮ್ಮೆ ಎಣ್ಣೆ ಬದಲಿಸಿದ ರಸೀದಿ ಬೇಕು. ಸಣ್ಣ ಕಾರುಗಳ ಒಣ ಕ್ಲಚ್ಚಿನ ಮಾದರಿಯಾದರೆ, ಇರುವೆಯಂತೆ ತೆವಳುವ ಸಂಚಾರದಲ್ಲಿ ಅದು ಎಷ್ಟು ಕಾದು ಬೆಂದಿದೆಯೆಂಬುದನ್ನು ಓಡಿಸಿಯೇ ತಿಳಿಯಬೇಕು.

ಹಿಂದಿನ ಮಾಲೀಕ ತರುಣನಾಗಿದ್ದರೆ ಇನ್ನೊಂದು ಸಂಶಯ. ಯಂತ್ರದ ಮಿದುಳಿನೊಳಗಿನ ಲೆಕ್ಕಾಚಾರವನ್ನು ತಿದ್ದಿಸಿ ಟರ್ಬೊದ ಒತ್ತಡವನ್ನು ಏರಿಸುವ ಚಟ ಈ ವರ್ಗದಲ್ಲಿ ಸರ್ವೇಸಾಮಾನ್ಯ. ಮಾರುವ ಮುನ್ನ ಅದನ್ನು ಮೊದಲಿನಂತೆ ಮಾಡಿಸಿರುತ್ತಾರೆ. ಆದರೆ ಕ್ಲಚ್ಚು ಮತ್ತು ಟರ್ಬೊ ತಿಂದ ಪೆಟ್ಟು ಮಾಸುವುದಿಲ್ಲ. ಮೇಲಾಗಿ, ತಯಾರಕರ ಮೂಲ ವಿವರಣೆಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲವೆಂದು 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೇ ಹೇಳಿದೆ.

ಕೊಂಡದ್ದಾಯಿತು, ಪೂಜೆಯಾಯಿತು, ಚಕ್ರದಡಿಯ ನಿಂಬೆಹಣ್ಣು ಅಪ್ಪಚ್ಚಿಯಾಯಿತು. ಈಗ ಲಾಯದ ಪ್ರಶ್ನೆ. ಇಪ್ಪತ್ತು-ಮೂವತ್ತು ಅಡಿಯ ನಿವೇಶನದಲ್ಲಿ ನೀರಿನ ತೊಟ್ಟಿ, ಮೆಟ್ಟಿಲು, ಎರಡು ಸ್ಕೂಟರುಗಳ ನಡುವೆ ಕಾರಿಗೆ ಎಡೆಯಿಲ್ಲ. ಅದು ಬೀದಿಯಲ್ಲೇ ಮಲಗಬೇಕು. ಬೆಳಗಾಗುವುದರೊಳಗೆ ಪಕ್ಕದ ಮನೆಯ ಹುಡುಗನ ಸೈಕಲ್ಲು ಅದರ ಮೈಮೇಲೆ ಒಂದು ಗೀಟು ಎಳೆದಿರುತ್ತದೆ. ರಸ್ತೆಯುಬ್ಬು ಹತ್ತು ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲವಿರಬೇಕೆಂದು ಭಾರತೀಯ ರಸ್ತೆ ಕಾಂಗ್ರೆಸ್ಸಿನ ಸೂತ್ರ. ಬಡಾವಣೆಯ ಅಡ್ಡರಸ್ತೆಗಳಲ್ಲಿ ಒಂದು ಬಾಂಡಲಿ ಡಾಂಬರು ಉಳಿದಾಗ ಹುಟ್ಟಿಕೊಂಡ ಉಬ್ಬುಗಳಿಗೆ ಆ ಸೂತ್ರ ತಿಳಿದಿಲ್ಲ. ನೆಲಕ್ಕೆ ತಗ್ಗಿ ನಿಂತ ಓಟದ ಕಾರು ಅಲ್ಲಿ ಹೊಟ್ಟೆ ಉಜ್ಜಿಕೊಳ್ಳದೆ ಮುಂದೆ ಸಾಗದು.

ಮಳೆ ಬಂದಿತೆಂದರೆ ಚಿಂತೆ ಬೇರೆ. 2022ರ ಸೆಪ್ಟೆಂಬರಿನಲ್ಲಿ ನಗರದ ಪೂರ್ವಭಾಗ ಜಲಾವೃತವಾದಾಗ ಕೋಟಿ ಬೆಲೆಯ ಕಾರುಗಳು ದೋಣಿಗಳಂತೆ ತೇಲಿದ್ದನ್ನು ಎಲ್ಲರೂ ಕಂಡಿದ್ದಾರೆ. ಗಾಳಿ ಹೀರುವ ಕೊಳವೆಯ ಮೂಲಕ ನೀರು ಸಿಲಿಂಡರಿಗೆ ಇಳಿದರೆ, ಗಾಳಿಯಂತೆ ಅದು ಅದುಮಿಸಿಕೊಳ್ಳುವುದಿಲ್ಲ. ಬಾಗುವುದು ಕನೆಕ್ಟಿಂಗ್ ರಾಡ್. ನೀರಿನಲ್ಲಿ ನಿಂತುಹೋದ ಕಾರನ್ನು ಮತ್ತೆ ಚಾಲೂ ಮಾಡಲು ಹೊರಟವನು ತನ್ನ ಕೈಯಿಂದಲೇ ಯಂತ್ರವನ್ನು ಕೊಂದಂತೆ. ಯಂತ್ರರಕ್ಷಣೆಯ ಹೆಚ್ಚುವರಿ ವಿಮೆ ಇಲ್ಲದಿದ್ದರೆ ಆ ನಷ್ಟ ಸಾಮಾನ್ಯವಾಗಿ ಮಾಲೀಕನದೇ.

ಉಳಿದ ವೆಚ್ಚಗಳು ಸಣ್ಣಸಣ್ಣವಾಗಿ ಬಂದು ದೊಡ್ಡದಾಗಿ ಕೂಡಿಕೊಳ್ಳುತ್ತವೆ. ಉತ್ತಮ ದರ್ಜೆಯ ಪೆಟ್ರೋಲು. 18 ಅಂಗುಲದ ಚಕ್ರಕ್ಕೆ ಹೊಂದುವ ಟೈರು, ಅದೂ ಜೋಡಿಯಾಗಿಯೇ ಬದಲಿಸಬೇಕು. ನೀರಿನ ಪಂಪು, ಇಗ್ನಿಷನ್ ಕಾಯಿಲು. ಜೆ.ಸಿ. ರಸ್ತೆಯ ಅಂಗಡಿಸಾಲಿನಲ್ಲಿ ಸಾಮಾನ್ಯ ಕಾರುಗಳ ಬಿಡಿಭಾಗ ಅರ್ಧ ಗಂಟೆಯಲ್ಲಿ ದೊರೆತೀತು. 200ರಲ್ಲಿ ಒಂದಾದ ಕಾರಿಗೆಂದೇ ಮಾಡಿದ ಬಿಡಿಭಾಗ ಹಡಗೇರಿ ಬರುವವರೆಗೆ ಕಾಯಬೇಕಾದೀತು. ಕೊಂಡ ಬೆಲೆಯ ಹತ್ತನೆಯ ಒಂದು ಪಾಲನ್ನು ಮೊದಲ ವರ್ಷದ ದುರಸ್ತಿಗೆಂದು ಬೇರೆ ತೆಗೆದಿಡಲಾರದ ಮನೆಯವರು ಈ ವ್ಯಾಪಾರಕ್ಕೆ ಇಳಿಯದಿರುವುದೇ ವಾಸಿ. ಆನೆ ಕೊಂಡವನು ಅಂಕುಶಕ್ಕೆ ಸಾಲ ಮಾಡಬಾರದು.

ಅಂತೂ ಇಷ್ಟೆಲ್ಲ ಮಾಡಿ ಓಡಿಸುವುದೆಲ್ಲಿ? ಬೆಂಗಳೂರಿನ ನಡುಭಾಗದಲ್ಲಿ ಹತ್ತು ಕಿಲೋಮೀಟರ್ ಸಾಗಲು ಸರಾಸರಿ 29 ನಿಮಿಷ ಬೇಕಾಯಿತೆಂದು 2022ರ ಟಾಮ್‌ಟಾಮ್ ಸಂಸ್ಥೆಯ ಲೆಕ್ಕ ಹೇಳಿತು. ಮೈಸೂರಿನ ಹೆದ್ದಾರಿಯಲ್ಲಿ 100ರ ಮಿತಿಯಿದೆ, ಕ್ಯಾಮೆರಾಗಳಿವೆ. 130ನ್ನು ಮೀರಿದರೆ ದಂಡದ ಜೊತೆಗೆ ಮೊಕದ್ದಮೆಯನ್ನೇ ಹೂಡುವುದಾಗಿ ರಾಜ್ಯದ ಪೊಲೀಸರು 2024ರ ಆಗಸ್ಟಿನಿಂದ ಜಾರಿಗೊಳಿಸಿದರು. ಹೆದ್ದಾರಿಯಲ್ಲಿ ಎಮ್ಮೆಯೊಂದು ಅಡ್ಡ ಬಂದರೆ 245 ಅಶ್ವಶಕ್ತಿಯೂ ಲೆಕ್ಕಕ್ಕಿಲ್ಲ. ಪೊಲೀಸರ ನಿಯಮವನ್ನು ಬೈಯುವವರು ಇದನ್ನು ಮರೆಯುತ್ತಾರೆ.

ನಿಜವಾದ ಆಸಕ್ತರು ಹಿಡಿಯುವುದು ಮದ್ರಾಸಿನ ದಾರಿ. ಶ್ರೀಪೆರಂಬುದೂರಿನ ಬಳಿ ಇರುಂಗಾಟ್ಟುಕೋಟೈಯಲ್ಲಿ 3.7 ಕಿಲೋಮೀಟರಿನ ಓಟದ ಪಥವಿದೆ. ಕೊಯಮತ್ತೂರಿನ ಚೆಟ್ಟಿಪಾಳಯದಲ್ಲಿ 2003ರಿಂದ 2.1 ಕಿಲೋಮೀಟರಿನ ಇನ್ನೊಂದು. ಸ್ವಂತ ಕಾರನ್ನು ಓಡಿಸಲು ಅವಕಾಶವಿರುವ ದಿನಗಳಲ್ಲಿ, ಹಾಲಿನವನು ಬರುವ ಮೊದಲೇ ಮನೆ ಬಿಟ್ಟು, ಸುಮಾರು 300 ಕಿಲೋಮೀಟರ್ ಮೆಲ್ಲಗೆ ಸಾಗಿ, ಶಿರಸ್ತ್ರಾಣ ಧರಿಸಿ ಹತ್ತಾರು ಸುತ್ತು ಮನಸಾರೆ ಓಡಿಸಿ, ಸವೆದ ಬ್ರೇಕುಗಳೊಡನೆ ರಾತ್ರಿ ಹಿಂದಿರುಗುತ್ತಾರೆ. ಶ್ರೀನಗರದ ತಿರುವಿನಲ್ಲಿ ಕೊನೆಯ ಉಬ್ಬು ಕಾದಿರುತ್ತದೆ. ಕಾರನ್ನು ಓರೆಯಾಗಿ ತಿರುಗಿಸಿ, ಒಂದೊಂದೇ ಚಕ್ರವನ್ನು ಅದರ ಮೇಲೆ ಹತ್ತಿಸಿ ಇಳಿಸಬೇಕು. ಹಿಂದಿನ ಆಟೋದವನು ಹಾರನ್ನು ಒತ್ತುತ್ತಲೇ ಇರುತ್ತಾನೆ.