ಒಂದು ಸೆಲ್, ಎಷ್ಟು ವರ್ಷ?

ನಮ್ಮ ಕಾಲೇಜಿನ ಮೇಲಿನ ಟ್ಯಾಂಕಿಗೆ ನೀರಿನ ಮಟ್ಟ ತಿಳಿಸುವ ಸೆನ್ಸರ್ ಹಾಕಬೇಕೆಂದು ಸೈನ್ಸ್ ವಿಭಾಗದ ಗೆಳೆಯರು ಹೇಳುತ್ತಿದ್ದಾರೆ. ಒಳ್ಳೆಯ ಮಾತು. ಈಗ ಟ್ಯಾಂಕ್ ತುಂಬಿತೇ ಎಂದು ನೋಡಲು ಅಟೆಂಡರ್ ಚಾಚಾ ಮಳೆಯಲ್ಲೂ ಕಬ್ಬಿಣದ ಏಣಿ ಹತ್ತುತ್ತಾರೆ. ಆದರೆ ಮೇಲೆ ಕರೆಂಟ್ ಇಲ್ಲ, ಸೆನ್ಸರ್ ಬ್ಯಾಟರಿಯಲ್ಲೇ ನಡೆಯಬೇಕು. ಆ ಬ್ಯಾಟರಿ ಬೇಗ ಬೇಗ ಮುಗಿದರೆ ಬದಲಿಸಲು ಚಾಚಾ ಮತ್ತೆ ಅದೇ ಏಣಿ ಹತ್ತಬೇಕು! ನಾನು ಕಾಮರ್ಸ್ ವಿದ್ಯಾರ್ಥಿ. ಆದ್ದರಿಂದ ಮೊದಲು ಬ್ಯಾಟರಿಯ ಆಯವ್ಯಯ ನೋಡಿದೆ.

ನಮ್ಮ ಬಂಡವಾಳ 2400 ಮಿಲಿಆಂಪಿಯರ್-ಅವರ್‌ನ ಒಂದು ಲಿಥಿಯಂ ಸೆಲ್ ಎಂದಿಟ್ಟುಕೊಳ್ಳೋಣ. ವೈಫೈ ರೇಡಿಯೊ ಸದಾ ಎಚ್ಚರವಾಗಿದ್ದು 80 ಮಿಲಿಆಂಪಿಯರ್ ಎಳೆದರೆ 30 ಗಂಟೆಯಲ್ಲಿ ಸೆಲ್ ಖಾಲಿ. ಬ್ಲೂಟೂತ್ ಲೋ ಎನರ್ಜಿ ಬಹಳ ಕಡಿಮೆ ಖರ್ಚಿನದು, ಆದರೆ ಅದು ಹತ್ತಿರದ ಮಾತಿಗೆ. ದೂರಕ್ಕೆ ಇರುವುದು 'ಲೋರಾ'. 'ಲಾಂಗ್ ರೇಂಜ್' ಎಂಬುದರಿಂದ ಬಂದ ಹೆಸರು. ಇದನ್ನು ರೂಪಿಸಿದ್ದು ಫ್ರಾನ್ಸಿನ ಸೈಕ್ಲಿಯೊ ಕಂಪನಿ. 2012ರಲ್ಲಿ ಅಮೆರಿಕದ ಸೆಮ್‌ಟೆಕ್ ಅದನ್ನು ಕೊಂಡುಕೊಂಡಿತು. ಭಾರತದಲ್ಲಿ ಲೋರಾ 865ರಿಂದ 868 ಮೆಗಾಹರ್ಟ್ಸ್ ತರಂಗಗಳಲ್ಲಿ ನಡೆಯುತ್ತದೆ. ನಿಗದಿತ ಶಕ್ತಿಮಿತಿಯೊಳಗೆ ಬಳಸಿದರೆ ಇದಕ್ಕೆ ಲೈಸೆನ್ಸ್ ಬೇಡ.

ಲೋರಾದ ಗುಟ್ಟು ಎರಡು: ಹೆಚ್ಚು ಹೊತ್ತು ಮಲಗುವುದು, ಎದ್ದಾಗ ಕಡಿಮೆ ಮಾತಾಡುವುದು. ಮಲಗಿದಾಗಿನ ಖರ್ಚು ನಮ್ಮ ಪಾಠದ 'ಸ್ಥಿರ ವೆಚ್ಚ', ಸಂದೇಶದ ಖರ್ಚು 'ಬದಲಾಗುವ ವೆಚ್ಚ'. ನಿದ್ದೆಯಲ್ಲಿ 5 ಮೈಕ್ರೋಆಂಪಿಯರ್ ಎಂದರೆ ವರ್ಷಕ್ಕೆ ಸುಮಾರು 44 ಮಿಲಿಆಂಪಿಯರ್-ಅವರ್. 15 ನಿಮಿಷಕ್ಕೊಮ್ಮೆ, ಸೆಕೆಂಡಿನ ಹತ್ತನೇ ಒಂದು ಭಾಗ, 40 ಮಿಲಿಆಂಪಿಯರ್‌ನಲ್ಲಿ ಸಂದೇಶ ಕಳಿಸಿದರೆ ವರ್ಷಕ್ಕೆ ಸುಮಾರು 39. ಒಟ್ಟು 83! ಕಾಗದದ ಮೇಲೆ 28 ವರ್ಷ ದಾಟುತ್ತದೆ. ನಿಜದಲ್ಲಿ ಅಷ್ಟು ಬಾರದು. ಸೆಲ್ ಸುಮ್ಮನಿದ್ದರೂ ಸವೆಯುತ್ತದೆ, ನೀರು ಅಳೆಯುವ ಭಾಗದ ಖರ್ಚೂ ಬೇರೆ ಇದೆ.

ಇನ್ನೊಂದು ವಿಷಯ ಗಮನಿಸಿ. ದೂರದವರಿಗೆ ಒಂದೊಂದೇ ಅಕ್ಷರ ಬಿಡಿಸಿ ಕೂಗುವ ಹಾಗೆ, ಲೋರಾವನ್ನೂ ನಿಧಾನವಾಗಿ ಮಾತಾಡಿಸಬಹುದು. ದೂರ ಹೆಚ್ಚುತ್ತದೆ, ಸಮಯವೂ ಹೆಚ್ಚುತ್ತದೆ. ಅತಿ ನಿಧಾನದ ಹಂತದಲ್ಲಿ ಅದೇ ಪುಟ್ಟ ಸಂದೇಶಕ್ಕೆ ಸುಮಾರು ಒಂದೂವರೆ ಸೆಕೆಂಡ್ ಬೇಕು. ಆಗ ವರ್ಷದ ಖರ್ಚು 628ಕ್ಕೆ ಏರುತ್ತದೆ. ಸೆಲ್ ನಾಲ್ಕು ವರ್ಷವೂ ಬರುವುದಿಲ್ಲ. ದೂರವೂ ಪುಕ್ಕಟೆಯಲ್ಲ.

ಲೋರಾದಲ್ಲಿ ಫೋಟೊ, ವಿಡಿಯೊ ನಡೆಯದು. ಆದರೆ 'ಟ್ಯಾಂಕ್ ಮುಕ್ಕಾಲು' ಎನ್ನಲು ಒಂದೆರಡು ಬೈಟ್ ಸಾಕಲ್ಲವೇ? ಕಚೇರಿಯಲ್ಲಿ ಕರೆಂಟಿಗೆ ಸೇರಿಸಿದ ರಿಸೀವರ್ ಇಟ್ಟರೆ ದೂರ ಕಡಿಮೆ, ವೇಗದ ಹಂತವೇ ಸಾಕು. ನೀರಿನ ಮಟ್ಟ ಬದಲಾದಾಗ ಮಾತ್ರ ಸಂದೇಶ ಕಳಿಸಿದರೆ ಇನ್ನೂ ಉಳಿತಾಯ.

ಗೆಳೆಯರೇ, ಸೆನ್ಸರ್ ಕೊಳ್ಳುವ ಮುನ್ನ ಬೆಲೆ ಮಾತ್ರ ಕೇಳಬೇಡಿ. ಮಲಗಿದಾಗ ಎಷ್ಟು ಎಳೆಯುತ್ತದೆ, ಒಂದು ಸಂದೇಶಕ್ಕೆ ಎಷ್ಟು ಹೊತ್ತು, ದಿನಕ್ಕೆ ಎಷ್ಟು ಸಂದೇಶ, ಈ ಮೂರನ್ನೂ ಕೇಳಿ. ಗುಣಾಕಾರ ಮಾಡಿಕೊಡಲು ನಾವು ಕಾಮರ್ಸ್‌ನವರು ಇದ್ದೇವೆ.