ಬಡಗಿಯ ಮೂರನೆಯ ಕೈ

ಮರವನ್ನು ಕೊಯ್ಯುವವನಿಗೆ ಗರಗಸವನ್ನು ಹಿಡಿಯಲು ಒಂದು ಕೈ ಬೇಕು. ಅದು ಗೀರಿನ ಮೇಲೆ ತಪ್ಪದೆ ನಡೆಯುವಂತೆ ನೋಡಿಕೊಳ್ಳಲು ಇನ್ನೊಂದು ಕೈ ಬೇಕು. ಹಲಗೆ ಅಲುಗಾಡದಂತೆ ಅದುಮಿ ಹಿಡಿಯಲು ಮೂರನೆಯದೊಂದು ಕೈ ಬೇಕು. ಈ ಮೂರನೆಯ ಕೈಯನ್ನು ದೇವರು ಕೊಡಲಿಲ್ಲವಾದ್ದರಿಂದ ಜಗತ್ತಿನ ಬಡಗಿಗಳು ತಮ್ಮ ತಮ್ಮ ನಾಡಿನ ರೂಢಿಗೆ ಅನುಗುಣವಾಗಿ ಅದನ್ನು ಹುಡುಕಿಕೊಂಡರು. ಯುರೋಪಿನವರು ನಿಂತು ಕೆಲಸ ಮಾಡುವ ಎತ್ತರದ, ದಪ್ಪ ಹಲಗೆಯ ಮೇಜನ್ನು ಕಟ್ಟಿ, ಅದಕ್ಕೆ ಮರದ ತಿರುಪಿನ ಹಿಡಿಕೆಯನ್ನು ಜೋಡಿಸಿದರು. ಹದಿನೆಂಟನೆಯ ಶತಮಾನದಲ್ಲಿ ಫ್ರಾನ್ಸಿನ ಆಂದ್ರೆ ರೂಬೋ ತನ್ನ ಗ್ರಂಥದಲ್ಲಿ ವರ್ಣಿಸಿರುವ ಅಂತಹ ಮೇಜು ಇಂದಿಗೂ ಮರಗೆಲಸದವರಿಗೆ ಮಾದರಿಯಾಗಿದೆ. ಅದು ಸ್ಥಿರವಾಗಿರುವುದು ತನ್ನ ಭಾರದಿಂದ. ಒಬ್ಬನಿಂದ ಅದನ್ನು ಎತ್ತಲಾಗದು. ನಮ್ಮ ದೇಶದ ಬಡಗಿಯಾದರೋ ನೆಲದ ಮೇಲೆ ಕುಳಿತು ತನ್ನ ಪಾದವನ್ನೇ ಮೂರನೆಯ ಕೈಯಾಗಿ ಮಾಡಿಕೊಂಡನು.

ಮಹಾನಗರದಲ್ಲಿ ಮನೆ ಮಾಡಿರುವ ನಮಗೆ ಈ ದೃಶ್ಯ ಹೊಸದಲ್ಲ. ಎರಡು ಕೋಣೆಯ ಬ್ಲಾಕಿನಲ್ಲಿ ಒಂದು ಬಟ್ಟೆಯ ಕಪಾಟು ಆಗಬೇಕೆಂದರೆ ಬಡಗಿಯು ನಮ್ಮ ಹಾಲಿನಲ್ಲಿಯೇ ಕಾರ್ಖಾನೆಯನ್ನು ಹೂಡುತ್ತಾನೆ. ಚಪ್ಪಲಿ ಕಳಚಿ, ಹಲಗೆಯ ಒಂದು ತುದಿಯನ್ನು ಗೋಡೆಗೆ ಒತ್ತಿ, ಇನ್ನೊಂದು ತುದಿಯನ್ನು ಪಾದದಿಂದ ಅದುಮಿ, ಉಳಿಯ ಅಲಗನ್ನು ಹೆಬ್ಬೆರಳಿನಿಂದ ನಾಲ್ಕು ಬೆರಳು ಆಚೆಗೆ ಇರಿಸಿ ಕೊಡತಿಯಿಂದ ಹೊಡೆಯುತ್ತಾನೆ. ಚಹಾ ಕೊಡಲು ಬಂದ ಗೃಹಿಣಿ ಕಣ್ಣು ಮುಚ್ಚಿಕೊಳ್ಳುತ್ತಾಳೆ. ಅವನ ಕಾಲಿನ ಮೇಲಿನ ಹಳೆಯ ಗಾಯದ ಗೆರೆಗಳನ್ನು ಎಣಿಸಿದರೆ ಅವನ ಸೇವಾವಧಿಯನ್ನು ಅಂದಾಜು ಮಾಡಬಹುದು.

ಭಾರವಾದ ಮೇಜಿಗೆ ಜಾಗವಿಲ್ಲದ, ಹಣವೂ ಇಲ್ಲದ ಚಿಕ್ಕ ಕೆಲಸಗಾರನಿಗೆ ಮೂರನೆಯ ಕೈಯೊಂದನ್ನು ಅಗ್ಗವಾಗಿ ಒದಗಿಸುವುದು ಹೇಗೆ ಎಂಬ ಪ್ರಶ್ನೆಗೆ ಒಂದು ಸಮರ್ಪಕವಾದ ಉತ್ತರ ದೊರೆತದ್ದು 1961ರಲ್ಲಿ, ಇಂಗ್ಲೆಂಡಿನಲ್ಲಿ. ಅದೂ ಒಂದು ಕುರ್ಚಿಯ ಬಲಿದಾನದಿಂದ!

ರಾನ್ ಹಿಕ್‌ಮನ್ ಅವರು 1932ರಲ್ಲಿ ದಕ್ಷಿಣ ಆಫ್ರಿಕಾದ ಗ್ರೇಟೌನ್ ಎಂಬ ಊರಿನಲ್ಲಿ ಜನಿಸಿದವರು. ನಮ್ಮ ನಿಮ್ಮ ಹಾಗೆಯೇ ಊರು ಬಿಟ್ಟು ದುಡಿಮೆಯನ್ನರಸಿ ದೊಡ್ಡ ನಗರಕ್ಕೆ ಬಂದವರು. ಮೊದಲು ಫೋರ್ಡ್ ಕಂಪೆನಿಯಲ್ಲಿ ಕಾರುಗಳ ರೂಪವಿನ್ಯಾಸ ವಿಭಾಗದಲ್ಲಿದ್ದು, ಅನಂತರ ಲೋಟಸ್ ಕಂಪೆನಿಯನ್ನು ಸೇರಿ ಅಲ್ಲಿಯ ಪ್ರಮುಖ ವಿನ್ಯಾಸಕಾರರಾದರು. 1962ರಲ್ಲಿ ಹೊರಬಂದ ಲೋಟಸ್ ಎಲಾನ್ ಎಂಬ ಚಿಕ್ಕ ಕಾರು ಅವರ ಕೈಯಿಂದ ರೂಪುಗೊಂಡದ್ದು. ತೆಳು ಉಕ್ಕಿನ ತಗಡನ್ನು ಮಡಿಸಿ ಮಾಡಿದ ಬೆನ್ನುಮೂಳೆಯ ಮೇಲೆ ಫೈಬರ್‌ಗ್ಲಾಸಿನ ಮೈಯನ್ನು ಕೂರಿಸಿದ ಆ ವಾಹನ ತನ್ನ ಹಗುರತನಕ್ಕೆ ಹೆಸರಾಯಿತು. ಕಡಮೆ ಲೋಹದಲ್ಲಿ ಹೆಚ್ಚು ಬಿಗಿತನವನ್ನು ಪಡೆಯುವ ಈ ಅಭ್ಯಾಸ ಮುಂದೆ ಅವರ ನೆರವಿಗೆ ಬಂದಿತೆಂದು ನನಗೆ ತೋರುತ್ತದೆ.

ತಮ್ಮ ಮನೆಗೆ ತಾವೇ ಬಟ್ಟೆಯ ಕಪಾಟನ್ನು ಮಾಡಿಕೊಳ್ಳುತ್ತಿದ್ದಾಗ ಹಿಕ್‌ಮನ್ ಅವರು ಹಲಗೆಯನ್ನು ಬೆಲೆಬಾಳುವ ಸ್ವೀಡಿಷ್ ಕುರ್ಚಿಯೊಂದರ ಮೇಲೆ ಇರಿಸಿ ಕೊಯ್ಯತೊಡಗಿದರು. ಹಲಗೆಯೊಡನೆ ಕುರ್ಚಿಯೂ ಕೊಯ್ದುಹೋಯಿತು. ಬೇರೆಯವರಾದರೆ ಕುರ್ಚಿಯನ್ನು ರಿಪೇರಿಗೆ ಕಳುಹಿಸಿ ವಿಷಯವನ್ನು ಮರೆತುಬಿಡುತ್ತಿದ್ದರು. ಇವರಾದರೋ, ಕೊಯ್ಯುವಾಗ ಕುರ್ಚಿಯಂತೆ ತಗ್ಗಾಗಿರುವ, ಕೀಸುವಾಗ ಮೇಜಿನಂತೆ ಎತ್ತರವಾಗಿರುವ, ಕೆಲಸ ಮುಗಿದ ಮೇಲೆ ಮಡಿಸಿ ಗೋಡೆಗೆ ಒರಗಿಸಬಹುದಾದ ಸಾಧನವೊಂದು ಏಕೆ ಇಲ್ಲವೆಂದು ಯೋಚಿಸತೊಡಗಿದರು. ಈ ಎಲ್ಲ ಗುಣಗಳೂ ಮೊದಲ ಮಾದರಿಯಲ್ಲಿಯೇ ಕೂಡಿಬಂದವೆಂದಲ್ಲ. ವರ್ಷಗಳ ಕಾಲ ತಿದ್ದುತ್ತ ಹೋದಂತೆ ಒಂದೊಂದಾಗಿ ಸೇರಿದವು. ಮುಂದೆ ವರ್ಕ್‌ಮೇಟ್ ಎಂಬ ಹೆಸರಿನಿಂದ ಲೋಕಪ್ರಸಿದ್ಧವಾದ ಉಪಕರಣ ಇದೇ.

ಇದರ ರಚನೆಯನ್ನು ತುಸು ವಿವರವಾಗಿ ನೋಡುವುದು ಯುಕ್ತ. ಜಾಣ್ಮೆಯೆಲ್ಲ ಅದರಲ್ಲಿಯೇ ಅಡಗಿದೆ. ಮೇಲ್ಭಾಗದಲ್ಲಿ ಎರಡು ಹಲಗೆಗಳು ಅಕ್ಕಪಕ್ಕದಲ್ಲಿ ಇರುತ್ತವೆ. ಒಂದು ಸ್ಥಿರ, ಇನ್ನೊಂದು ಚಲಿಸುವಂಥದು. ಕೂಡಿಸಿದರೆ ಅವೆರಡೂ ಸೇರಿ ಮೇಜಿನ ಮುಖವಾಗುತ್ತವೆ; ಅಗಲಿಸಿದರೆ ನಡುವಣ ಸಂದು ಉದ್ದಕ್ಕೂ ಇಕ್ಕಳದ ಬಾಯಿಯಾಗುತ್ತದೆ. ಅಂದರೆ ಮೇಜಿಗೆ ಹಿಡಿಕೆಯನ್ನು ಜೋಡಿಸಿದ್ದಲ್ಲ, ಹಿಡಿಕೆಯನ್ನೇ ಮೇಜಾಗಿ ಹಿಗ್ಗಿಸಿದ್ದು. ಚಲಿಸುವ ಹಲಗೆಯ ಎರಡು ತುದಿಗಳಲ್ಲಿಯೂ ಒಂದೊಂದು ತಿರುಪು, ಒಂದೊಂದು ಹಿಡಿ. ಇವೆರಡೂ ಪರಸ್ಪರ ಸ್ವತಂತ್ರ. ಎಡಗಡೆಯದನ್ನು ಹೆಚ್ಚು ತಿರುಗಿಸಿ ಬಲಗಡೆಯದನ್ನು ಕಡಮೆ ತಿರುಗಿಸಿದರೆ ಹಲಗೆ ಓರೆಯಾಗಿ ನಿಲ್ಲುತ್ತದೆ. ಕುರ್ಚಿಯ ಕಾಲಿನಂತೆ ಒಂದೆಡೆ ದಪ್ಪ, ಇನ್ನೊಂದೆಡೆ ಸಪುರವಾದ ಮರವನ್ನೂ ಅದು ಬಿಗಿಯಾಗಿ ಕಚ್ಚುತ್ತದೆ. ಸಾಮಾನ್ಯ ವೈಸಿನಲ್ಲಿ ಇದು ಸಾಧ್ಯವಿಲ್ಲ. ಹಲಗೆಗಳಲ್ಲಿರುವ ರಂಧ್ರಗಳಿಗೆ ಗೂಟಗಳನ್ನು ಸಿಕ್ಕಿಸಿದರೆ ಸಂದಿಗಿಂತ ಅಗಲವಾದ ವಸ್ತುವನ್ನು ಮೇಲ್ಮುಖದಲ್ಲಿ ಹಿಡಿಯಬಹುದು.

ಇನ್ನು ಭಾರದ ಸಮಸ್ಯೆ. ಮೇಜು ಹಗುರವಾಗಿದ್ದರೆ ಉಜ್ಜುಗೊರಡನ್ನು ತಳ್ಳಿದಾಗ ಅದೂ ಮುಂದಕ್ಕೆ ಜಾರುತ್ತದೆ. ಹಿಕ್‌ಮನ್ ಅವರ ಪರಿಹಾರ ಬಹು ಸರಳ. ಕೆಳಗಡೆ ಒಂದು ಮೆಟ್ಟಿಲು. ಕೆಲಸಗಾರನು ಅದರ ಮೇಲೆ ಒಂದು ಕಾಲನ್ನು ಊರಿ ನಿಂತರೆ ಅವನ ಮೈಭಾರವೇ ಮೇಜಿನ ಭಾರವಾಗುತ್ತದೆ. ರೂಬೋನ ಮೇಜಿನಲ್ಲಿ ದಪ್ಪ ಮರ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಬಡಗಿಯೇ ಮಾಡುತ್ತಾನೆ. ಹೊತ್ತೊಯ್ಯುವಾಗ ಆ ಭಾರವನ್ನು ಹೊರಬೇಕಾಗಿಯೂ ಇಲ್ಲ.

ಇಂತಹ ಉಪಕರಣವನ್ನು ಕಂಡೊಡನೆ ತಯಾರಕರು ಮುಗಿಬಿದ್ದಿರಬೇಕೆಂದು ವಾಚಕರು ಊಹಿಸಬಹುದು. ನಡೆದದ್ದು ಬೇರೆ. ಹಿಕ್‌ಮನ್ ಅವರು ಒಂದರ ಹಿಂದೊಂದು ಕಂಪೆನಿಯ ಬಾಗಿಲನ್ನು ತಟ್ಟಿದರು. ಸ್ಟ್ಯಾನ್ಲಿ ಕಂಪೆನಿಯವರು ಇದು ನೂರರ ಲೆಕ್ಕದಲ್ಲಿಯೂ ಅಲ್ಲ, ಡಜನ್ನಿನ ಲೆಕ್ಕದಲ್ಲಿ ಮಾರಾಟವಾದೀತು ಎಂದರು. ಮುಂದೆ ಇದರಿಂದಲೇ ಅಪಾರ ಲಾಭ ಗಳಿಸಲಿದ್ದ ಬ್ಲ್ಯಾಕ್ ಅಂಡ್ ಡೆಕರ್ ಕಂಪೆನಿಯೂ ಮೊದಲ ಸಲ ಬೇಡವೆಂದಿತು. ಅವರನ್ನು ಮೂರ್ಖರೆಂದು ಜರೆಯುವುದು ಸುಲಭ. ಆದರೆ ಅವರ ದೃಷ್ಟಿಯಿಂದಲೂ ನೋಡಬೇಕು. ವೃತ್ತಿಯ ಬಡಗಿಗೆ ಅಲ್ಲಿ ಮೇಜು ಇದ್ದೇ ಇತ್ತು. ಮೇಜಿಲ್ಲದೆ ಕುರ್ಚಿಯ ಮೇಲೆ, ಮೆಟ್ಟಿಲಿನ ಮೇಲೆ ಹಲಗೆ ಕೊಯ್ಯುತ್ತಿದ್ದ ಲಕ್ಷಾಂತರ ಗೃಹಸ್ಥರು ಅಂಗಡಿಗೆ ಬಂದು ‘ನಮಗೆ ಮೇಜು ಕೊಡಿ’ ಎಂದು ಕೇಳಿರಲಿಲ್ಲ. ಕೇಳದವನ ಕಷ್ಟ ಮಾರಾಟದ ಲೆಕ್ಕಪುಸ್ತಕದಲ್ಲಿ ಕಾಣಿಸುವುದಿಲ್ಲ.

1967ರಲ್ಲಿ ಲೋಟಸ್ ಕಂಪೆನಿಯನ್ನು ಬಿಟ್ಟ ಹಿಕ್‌ಮನ್ ಅವರು ಮರುವರ್ಷದಿಂದ ತಾವೇ ಇದನ್ನು ತಯಾರಿಸಿ, ಪ್ರದರ್ಶನಗಳಲ್ಲಿ ತೋರಿಸಿ ಮಾರತೊಡಗಿದರು. ಸಾವಿರಾರು ಮೇಜುಗಳು ಖರ್ಚಾದ ಮೇಲೆ ಬ್ಲ್ಯಾಕ್ ಅಂಡ್ ಡೆಕರ್‌ನವರು ಮನಸ್ಸು ಬದಲಾಯಿಸಿದರು. 1970ರ ದಶಕದ ಆರಂಭದಲ್ಲಿ ಅವರ ಕಾರ್ಖಾನೆಯಿಂದ ವರ್ಕ್‌ಮೇಟ್ ಹೊರಬಂದಿತು. ಮೊದಲ ಮಾದರಿಗಳ ಚೌಕಟ್ಟಿನಲ್ಲಿ ಅಲ್ಯೂಮಿನಿಯಮ್ಮಿನ ಎರಕದ ಭಾಗಗಳಿದ್ದವು. ನೋಡಲು ಚೆಂದ, ಆದರೆ ದುಬಾರಿ. ಬರಬರುತ್ತ ಅವುಗಳ ಸ್ಥಾನದಲ್ಲಿ ಒತ್ತಿ ಮಡಿಸಿದ ಉಕ್ಕಿನ ತಗಡು ಬಂದಿತು. ಬೆಲೆಯನ್ನು ತಗ್ಗಿಸುವಾಗ ಯಾವುದನ್ನು ಬಿಡಬೇಕು, ಯಾವುದನ್ನು ಬಿಡಲೇಬಾರದು ಎಂಬ ವಿವೇಕ ವಿನ್ಯಾಸಕಾರನಿಗೆ ಅತ್ಯಗತ್ಯ. ಇಲ್ಲಿ ಲೋಹ ಬದಲಾಯಿತು; ಎರಡು ಸ್ವತಂತ್ರ ತಿರುಪುಗಳು ಹಾಗೆಯೇ ಉಳಿದವು. ಅನುಕರಿಸಿದವರ ಮೇಲೆ ಹಿಕ್‌ಮನ್ ಅವರು ದಾವೆ ಹೂಡಿದಾಗ, ‘ಇದರಲ್ಲಿ ಹೊಸತೇನಿದೆ, ಯಾರಿಗಾದರೂ ಹೊಳೆಯುವಂಥದು’ ಎಂಬ ವಾದವೂ ಬಂದಿತು. ಇಂಗ್ಲೆಂಡಿನ ನ್ಯಾಯಾಲಯವು 1980ರ ದಶಕದಲ್ಲಿ ಆ ವಾದವನ್ನು ತಳ್ಳಿಹಾಕಿತು. ಮಾರಾಟವಾದ ಮೇಜುಗಳ ಸಂಖ್ಯೆ ಕೋಟಿಯನ್ನು ಮೀರಿತು. ಹಿಕ್‌ಮನ್ ಅವರು 2011ರಲ್ಲಿ ಜರ್ಸಿ ದ್ವೀಪದಲ್ಲಿ ನಿಧನರಾದರು.

ಪೇಟೆಂಟಿನ ಅವಧಿ ಎಂದೋ ಮುಗಿದಿದೆ. ಹಾಗಿದ್ದರೂ ನಮ್ಮ ಹಾಲಿಗೆ ಬರುವ ಬಡಗಿಯ ಚೀಲದಲ್ಲಿ ಇದು ಏಕಿಲ್ಲ? ಬೆಲೆ ಒಂದು ಕಾರಣ; ಅದೊಂದೇ ಕಾರಣವಲ್ಲವೆಂಬುದು ನನ್ನ ಅನುಭವ. ನಮ್ಮ ಬೀದಿಯ ಫ್ಯಾಬ್ರಿಕೇಷನ್ ಅಂಗಡಿಯಲ್ಲಿ ಇಂಥದೊಂದನ್ನು ಮಾಡಿಸುವ ಹುಚ್ಚು ನನಗೆ ಹತ್ತಿತು. ಒಂದಂಗುಲದ ಚೌಕ ಪೈಪಿನ ಚೌಕಟ್ಟು. 12 ಮಿಲಿಮೀಟರ್ ಪ್ಲೈವುಡ್ಡನ್ನು ಎರಡು ಪದರವಾಗಿ ಅಂಟಿಸಿದ ಹಲಗೆಗಳು. ಗುಜರಿಯಲ್ಲಿ ದೊರೆತ ಎರಡು ಹಳೆಯ ವೈಸುಗಳ ತಿರುಪುಗಳು. ತಿರುಪಿನ ಒಂದು ಸುತ್ತಿಗೆ ಹಲಗೆ 4 ಮಿಲಿಮೀಟರ್ ಮುಂದೆ ಸರಿಯುತ್ತದೆ. ಹಿಡಿಯ ಉದ್ದ 12 ಸೆಂಟಿಮೀಟರ್ ಆದ್ದರಿಂದ ಅದೇ ಸುತ್ತಿನಲ್ಲಿ ಕೈ ಸುಮಾರು 75 ಸೆಂಟಿಮೀಟರ್ ಚಲಿಸುತ್ತದೆ. ಲೆಕ್ಕದ ಪ್ರಕಾರ ಬಲ 188 ಪಟ್ಟು ಹೆಚ್ಚಬೇಕು. ಇಂತಹ ತಿರುಪಿನಲ್ಲಿ ಘರ್ಷಣೆ ಅದರ ಮುಕ್ಕಾಲು ಪಾಲನ್ನು ನುಂಗುತ್ತದೆಂದಿಟ್ಟುಕೊಂಡರೂ, 5 ಕಿಲೋದಷ್ಟು ಒತ್ತಿದ ಕೈಗೆ 200 ಕಿಲೋ ಮೀರಿದ ಹಿಡಿತ ದೊರೆಯುತ್ತದೆ. ಯಾವ ಪಾದ ಅಷ್ಟು ಒತ್ತೀತು?

ಮೊದಲ ಪ್ರಯತ್ನ ವಿಫಲವಾಯಿತು. ಸಮಾನಾಂತರವಾಗಿ ತಿರುಗಿಸಿದಾಗ ಸರಿಯಾಗಿಯೇ ಇತ್ತು. ಓರೆಯಾಗಿಸಲು ಹೋದಾಗ ತಿರುಪು ಕಚ್ಚಿಕೊಂಡು ನಿಂತುಬಿಟ್ಟಿತು. ತಪ್ಪು ನನ್ನದೇ. ನಟ್ಟುಗಳನ್ನು ಹಲಗೆಗೆ ಅಲುಗದಂತೆ ಬೆಸೆಸಿದ್ದೆ. ಹಲಗೆ ವಾಲಿದಾಗ ನಟ್ಟು ತಾನೂ ತಿರುಗಿಕೊಳ್ಳುವಂತಿರಬೇಕು, ಬಾಗಿಲಿನ ಕೀಲಿನಂತೆ. ಅಷ್ಟೇ ಸಾಲದು. ಎರಡು ತಿರುಪುಗಳ ನಡುವಣ ದೂರ 50 ಸೆಂಟಿಮೀಟರ್ ಇದ್ದು ಹಲಗೆ 10 ಡಿಗ್ರಿ ವಾಲಿದರೆ, ಹಲಗೆಯ ಮೇಲೆ ಅಳೆದಾಗ ಆ ದೂರ ಸುಮಾರು 8 ಮಿಲಿಮೀಟರ್ ಹೆಚ್ಚಾಗುತ್ತದೆ. ಆದ್ದರಿಂದ ಒಂದು ತುದಿಯ ಕೀಲಿಗೆ ದುಂಡು ರಂಧ್ರವನ್ನೂ ಇನ್ನೊಂದಕ್ಕೆ ನೀಳವಾದ ರಂಧ್ರವನ್ನೂ ಕೊರೆಯಬೇಕು. ಈ ತಿದ್ದುಪಡಿಗೆ ಅಂಗಡಿಯವನು ತೆಗೆದುಕೊಂಡದ್ದು ಅರ್ಧ ಗಂಟೆ. ನನಗೆ ಅದು ಹೊಳೆಯಲು ಎರಡು ವಾರ ಹಿಡಿದಿತ್ತು. ತಿರುಪಿನ ಮೇಲೆ ಮರದ ಪುಡಿ ಬೀಳದಂತೆ ಒಂದು ತಗಡಿನ ಮುಚ್ಚಳವೂ ಅವಶ್ಯ. ಎಣ್ಣೆ ಸವರಿದ ತಿರುಪಿಗೆ ಪುಡಿ ಅಂಟಿದರೆ ಕೆಲವೇ ದಿನಗಳಲ್ಲಿ ಮುಷ್ಕರ ಹೂಡುತ್ತದೆ.

ಸಿದ್ಧವಾದ ಮೇಜನ್ನು ನಮ್ಮ ಮನೆಯ ಕೆಲಸಕ್ಕೆ ಬರುವ ಕುಂದಾಪುರ ಕಡೆಯ ಆಚಾರ್ಯರ ಮುಂದೆ ಹೆಮ್ಮೆಯಿಂದ ಇಟ್ಟೆ. ಅವರು ತಿರುಪುಗಳನ್ನು ಆಡಿಸಿ ನೋಡಿದರು, ಓರೆಯಾದ ಮರದ ತುಂಡೊಂದನ್ನು ಕಚ್ಚಿಸಿ ಅಲುಗಿಸಿ ನೋಡಿದರು, ಮೆಚ್ಚಿದರು. ಅರ್ಧ ಗಂಟೆಯ ಅನಂತರ ನೋಡಿದರೆ ಮೇಜು ಮೂಲೆಯಲ್ಲಿತ್ತು. ಆಚಾರ್ಯರು ನೆಲದ ಮೇಲೆ, ಹಲಗೆ ಪಾದದ ಕೆಳಗೆ.

“ಏನಾಯ್ತು ಆಚಾರ್ರೇ?” ಎಂದು ಕೇಳಿದೆ.

“ಹಿಡಿತ ಲಾಯಕ್ಕಿತ್ತು ರಾಯ್ರೇ. ಆದ್ರೆ ಇದು ನಿಂತು ಕೆಲಸ ಮಾಡುವವರಿಗೆ ಮಾಡಿದ್ದು. ನಮಗೆ ಕೂತು ರೂಢಿ. ನಿಂತರೆ ಕೈಯಲ್ಲಿ ಬಲವೇ ಬರುವುದಿಲ್ಲ.”

ಈ ಮಾತಿನ ಮುಂದೆ ನನ್ನ ಲೆಕ್ಕವೆಲ್ಲ ಸುಮ್ಮನಾಯಿತು. ಮೂವತ್ತು ವರ್ಷಗಳ ಅಭ್ಯಾಸವುಳ್ಳ ಮೈ ಒಂದು ಮೇಜಿಗಾಗಿ ಹೊಸದಾಗಿ ಕಲಿಯಬೇಕೆಂದು ಹೇಳಲು ನಾನಾರು? ಆದರೆ ಕುಕ್ಕರುಗಾಲಿನಲ್ಲಿ ದೀರ್ಘಕಾಲ ದುಡಿಯುವವರಿಗೆ ಮೊಣಕಾಲಿನ ಕೀಲುಗಳು ಬೇಗ ಸವೆಯುತ್ತವೆಂಬುದು ವೈದ್ಯರು ಒಪ್ಪಿರುವ ಸಂಗತಿ. ಆಚಾರ್ಯರೂ ಏಳುವಾಗ ಗೋಡೆಯನ್ನು ಹಿಡಿದೇ ಏಳುತ್ತಾರೆ. ಅವರ ರೂಢಿಯನ್ನೂ ಮೊಣಕಾಲನ್ನೂ ಒಟ್ಟಿಗೆ ಉಳಿಸುವ ದಾರಿಯನ್ನು ಅವರೇ ಸೂಚಿಸಿದರು: “ಕಾಲು ಕಡಿದುಬಿಡಿ.” ಮೇಜಿನ ಕಾಲು! 35 ಸೆಂಟಿಮೀಟರ್ ಎತ್ತರಕ್ಕೆ ಕಡಿಸಿ, ಹಿಂದುಗಡೆ ಎರಡಡಿಯ ಹಲಗೆಯೊಂದನ್ನು ಆಸನದಂತೆ ಜೋಡಿಸಿದೆವು. ಕುದುರೆಯ ಮೇಲೆ ಕುಳಿತಂತೆ ಕಾಲುಗಳನ್ನು ಎರಡು ಬದಿಗೆ ಇಳಿಬಿಟ್ಟು ಕುಳಿತರೆ ಇಕ್ಕಳ ಎದುರಿಗೇ ಬರುತ್ತದೆ. ಮೈಭಾರವೂ ಮೇಜಿನ ಮೇಲೆಯೇ ಬೀಳುವುದರಿಂದ ಮೆಟ್ಟಿಲು ಬೇಕಾಗುವುದಿಲ್ಲ. ಪ್ರಾಚೀನ ರೋಮಿನ ಬಡಗಿಗಳೂ ಇಂತಹ ತಗ್ಗು ಮಣೆಗಳನ್ನು ಬಳಸುತ್ತಿದ್ದರೆಂದು ಆಮೇಲೆ ಓದಿ ತಿಳಿದೆ.

ಈ ಸಾಧನ ಪರಿಹರಿಸಲಾರದ ತೊಂದರೆಯೊಂದನ್ನು ಇಲ್ಲಿ ಹೇಳಲೇಬೇಕು. ಅದು ಮರದ ಧೂಳು. ಇಂಗ್ಲೆಂಡಿನ ಹೈ ವಿಕಂ ಎಂಬ ಪೀಠೋಪಕರಣಗಳ ಊರಿನಲ್ಲಿ ಎಸ್ಮೆ ಹ್ಯಾಡ್‌ಫೀಲ್ಡ್ ಎಂಬ ವೈದ್ಯೆ 1960ರ ದಶಕದಲ್ಲಿ ಮರಗೆಲಸದವರಲ್ಲಿ ಮೂಗಿನೊಳಗಿನ ಅಪರೂಪದ ಕ್ಯಾನ್ಸರು ಅಸಹಜವಾಗಿ ಹೆಚ್ಚಾಗಿರುವುದನ್ನು ಗಮನಿಸಿದರು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 1995ರಲ್ಲಿ ಮರದ ಧೂಳನ್ನು ಕ್ಯಾನ್ಸರ್‌ಕಾರಕವೆಂದು ನಿಸ್ಸಂದಿಗ್ಧವಾಗಿ ಘೋಷಿಸಿತು. ಪ್ಲೈವುಡ್ ಮತ್ತು ಎಂ.ಡಿ.ಎಫ್. ಹಲಗೆಗಳ ಅಂಟಿನಲ್ಲಿರುವ ಫಾರ್ಮಾಲ್ಡಿಹೈಡನ್ನು 2004ರಲ್ಲಿ ಅದೇ ಪಟ್ಟಿಗೆ ಸೇರಿಸಿತು. ಕೈಗರಗಸದ ದಪ್ಪ ಪುಡಿಗಿಂತ ವಿದ್ಯುತ್ ಗರಗಸ, ಪಾಲೀಷು ಯಂತ್ರಗಳ ಕಣ್ಣಿಗೆ ಕಾಣದ ನುಣುಪು ಧೂಳು ಹೆಚ್ಚು ಒಳಹೋಗುವಂಥದು. ಮೂಗಿಗೆ ಕಟ್ಟಿದ ಕರವಸ್ತ್ರ ಅದನ್ನು ತಡೆಯುವುದಿಲ್ಲ. ಎನ್-95 ಮುಖವಾಡ ತಕ್ಕಮಟ್ಟಿಗೆ ತಡೆಯುತ್ತದೆ. ಮನೆಯಲ್ಲಿ ಕೆಲಸ ನಡೆದಾಗ ಕೊಯ್ಯುವುದನ್ನೆಲ್ಲ ಬಾಲ್ಕನಿಯಲ್ಲಿಯೋ ತೆರೆದ ಕಿಟಕಿಯ ಬಳಿಯೋ ಮಾಡಿಸಿ, ಪೊರಕೆಯ ಬದಲು ಒದ್ದೆ ಬಟ್ಟೆಯಿಂದ ಒರೆಸಿ. ಉಬ್ಬಸವುಳ್ಳವರನ್ನೂ ಮಕ್ಕಳನ್ನೂ ದೂರವಿರಿಸಿ. ಕೆಲಸಗಾರನಿಗೂ ಮುಖವಾಡವೊಂದನ್ನು ಕೊಡಿ. ಕಪಾಟಿನ ಖರ್ಚಿನಲ್ಲಿ ಅದು ಲೆಕ್ಕಕ್ಕೇ ಬರುವುದಿಲ್ಲ.

ತಗ್ಗು ಮೇಜನ್ನು ಆಚಾರ್ಯರು ಈಗ ಲೋಕಲ್ ರೈಲಿನ ಸಾಮಾನು ಡಬ್ಬಿಯಲ್ಲಿ ಮನೆಯಿಂದ ಮನೆಗೆ ಒಯ್ಯುತ್ತಾರೆ. ಹೋದ ಸಲ ಬಂದಾಗ ಒಂದು ದೂರಿತ್ತು. ಕೆಲಸಕ್ಕೆ ಸೇರಿರುವ ಅವರ ಅಕ್ಕನ ಮಗ ಎಡಗೈಯವನಂತೆ. ಎಡಬದಿಯ ಹಿಡಿ ಅವನ ಮೊಣಕಾಲಿಗೆ ತಾಗುತ್ತದೆ. ಆ ಹಿಡಿಯನ್ನು ಮಡಿಸುವಂತೆ ಮಾಡಲು ಸಾಧ್ಯವೇ ಎಂದು ಕೇಳಿ ಹೋಗಿದ್ದಾರೆ. ಬರುವ ಭಾನುವಾರ ಫ್ಯಾಬ್ರಿಕೇಷನ್ ಅಂಗಡಿಗೆ ಹೋಗಬೇಕಾಗಿದೆ.